ಬ್ರೇಕ್ ಇನ್‌ಸ್ಪೆಕ್ಟರ್ ಕಾರು ಹತ್ತಿದ ದಿನ

ಗುರುವಾರ, 13 ನವೆಂಬರ್ 2025

ಅಕ್ಕ ಕೈಯಲ್ಲೇ ಓಡಿಸುವ ಹಾಗೆ ಕಿಟ್ ಹಾಕಿಸಿದ ಕಾರು ಆರ್‌ಟಿಓದಲ್ಲಿ ಪಾಸಾಯ್ತು! ಹೊಸ ಆರ್‌ಸಿ ಕಾರ್ಡು ಕೈಗೆ ಬಂದಿಲ್ಲ, ಸ್ಪೀಡ್ ಪೋಸ್ಟಿನಲ್ಲಿ ಬರುತ್ತದಂತೆ. ಆದರೆ ಗಾಡಿ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ, ಓಡಿಸಿ, ಸಹಿ ಹಾಕಿ ಆಗಿದೆ. ನಮ್ಮನೆ ಹುಡುಗ ಚಿನ್ನುನ ಮಂಡಿ ಗಾಯವೂ ವಾಸಿಯಾಗಿದೆ, ಕೇಳಿದವರಿಗೆಲ್ಲ ಥ್ಯಾಂಕ್ಸ್.

ಹೊಸಬರಿಗಾಗಿ ಸ್ವಲ್ಪ ಹಿಂದಿನ ಕಥೆ. ನಾನು ಓಡಿಸುತ್ತಿದ್ದ ಆಟೊಮ್ಯಾಟಿಕ್ ಕಾರು ಈಗ ಅಕ್ಕನದು. ಅವಳಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದಿತ್ತು, ಎರಡೂ ಕಾಲಿಗೆ ಕ್ಯಾಲಿಪರ್, ಅಂದ್ರೆ ನಡೆಯಲು ಕಾಲಿಗೆ ಕಟ್ಟುವ ಆಸರೆ. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಇವಳು ಹೈಸ್ಕೂಲಿನಲ್ಲಿದ್ದಳು. ಕೆಲಸ ಸಿಕ್ಕ ಮೇಲೆ ಬ್ಯಾಂಕಿಗೆ ಓಡಾಡಿದ್ದೆಲ್ಲ ಸೈಡ್ ವೀಲ್ ಹಾಕಿಸಿದ ಸ್ಕೂಟರಿನಲ್ಲಿ. ಮಳೆ ಬಂದರೆ ನೆನೆಯಬೇಕು, ಇಲ್ಲ ಅಂದ್ರೆ ನಮ್ಮಲ್ಲಿ ಯಾರಿಗಾದರೂ ಪುರಸೊತ್ತಾಗುವವರೆಗೆ ಕಾಯಬೇಕು. ನಾವು ಯಾವಾಗಲೂ 'ಹೊರಟೆ, ಹೊರಟೆ' ಅಂತ ಮನೆಯಲ್ಲೇ ಕೂತು ಫೋನಿನಲ್ಲಿ ಹೇಳುವವರು. ನಿಮಗೆ ಗೊತ್ತಲ್ಲ ನಮ್ಮ ಮನೆ.

ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಎಚ್‌ಪಿ (ಗಾಡಿ ಸಾಲಕ್ಕೆ ಒತ್ತೆ ಇದೆ ಅನ್ನುವ ನಮೂದು) ಕ್ಯಾನ್ಸಲ್ ಮಾಡಿಸಲು ಫಾರಂ 35, ಹೆಸರು ಬದಲಾಯಿಸಲು ಫಾರಂ 29 ಮತ್ತು 30. ಅದೆಲ್ಲ ಮಾಮೂಲಿ ತಲೆನೋವು, ಬಿಡಿ. ಅಕ್ಕನ ಲೈಸೆನ್ಸಿನ ಕಥೆ ಇನ್ನೊಂದು ದಿನ ಬರೆಯುತ್ತೇನೆ, ಅದು ಬೇರೆಯೇ ರಾಮಾಯಣ.

ಕಿಟ್ ಅಂದ್ರೆ ಏನು ಅಂತ ಹೋದ ಸಲ ಇಬ್ಬರು ಮೂವರು ಕೇಳಿದ್ದಿರಿ. ಸ್ಟೇರಿಂಗ್ ಕೆಳಗೆ ಎಡಗೈಗೆ ಸಿಗುವ ಹಾಗೆ ಒಂದು ಲಿವರ್ ಇರುತ್ತದೆ. ಮುಂದಕ್ಕೆ ತಳ್ಳಿದರೆ ಬ್ರೇಕ್, ತನ್ನ ಕಡೆ ಎಳೆದರೆ ಆಕ್ಸಿಲರೇಟರ್. ಲಿವರಿನಿಂದ ಎರಡು ರಾಡು ಇಳಿದು ಪೆಡಲ್‌ಗಳಿಗೆ ಕ್ಲಾಂಪ್ ಆಗಿವೆ. ಎಡಗೈ ಲಿವರ್ ಬಿಡುವ ಹಾಗಿಲ್ಲ, ಹಾಗಾಗಿ ಬಲಗೈ ಒಂದರಲ್ಲೇ ಸ್ಟೇರಿಂಗ್ ತಿರುಗಿಸಲು ಅದರ ಮೇಲೊಂದು ಗುಂಡು ಹಿಡಿ. ಲಿವರಿನ ತುದಿಯಲ್ಲಿ ಹಾರ್ನ್ ಬಟನ್. ನಮ್ಮ ರಸ್ತೆಗಳಲ್ಲಿ ಬ್ರೇಕಿಗಿಂತ ಮೊದಲು ಬೇಕಾಗೋದು ಅದೇ ಅಲ್ವಾ? ಪೆಡಲ್‌ಗಳು ಮಾತ್ರ ಇದ್ದಲ್ಲೇ ಇವೆ. ನಾನು ಕೂತರೆ ಮೊದಲಿನ ಹಾಗೇ ಕಾಲಲ್ಲಿ ಓಡಿಸಬಹುದು. ಇವತ್ತು ಸಂಜೆಯಿಂದ ನನ್ನ ತಲೆ ತಿನ್ನುತ್ತಿರುವುದು ಇದೇ, ಅದಕ್ಕೆ ಆಮೇಲೆ ಬರುತ್ತೇನೆ.

ಹೋದ ವಾರ ಆರ್‌ಟಿಓ ಕೌಂಟರಿನಲ್ಲಿ ಫೈಲ್ ವಾಪಸ್ ಕೊಟ್ಟಿದ್ದರು. 'ಮೊದಲು ಪರ್ಮಿಷನ್ ತಗೊಂಡು ಆಮೇಲೆ ಕಿಟ್ ಹಾಕಿಸಬೇಕಿತ್ತು ಮೇಡಂ. ಈಗ ತೆಗೆಸಿ, ಅರ್ಜಿ ಹಾಕಿ, ಪರ್ಮಿಷನ್ ಬಂದ ಮೇಲೆ ಮತ್ತೆ ಹಾಕಿಸಿ.' ನಮ್ಮ ಮಾಮೂಲಿ ಏಜೆಂಟ್ ಕೂಡ ಹೌದು ಹೌದು ಅಂತ ತಲೆ ಆಡಿಸಿದ. ನನಗಂತೂ ಅಲ್ಲೇ ಅಳು ಬರುವ ಹಾಗಾಗಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮೋಟಾರು ವಾಹನ ಕಾಯ್ದೆ ಓದಲು ಕೂತಳು. ಸಾಲದ ಕಾಗದ ಓದಿ ಓದಿ ರೂಢಿ ಅವಳಿಗೆ, ಸಣ್ಣ ಅಕ್ಷರ ಕಂಡರೆ ಖುಷಿ.

ಸೆಕ್ಷನ್ 52. ಕಂಪನಿಯವರು ಹೇಗೆ ಮಾಡಿ ಕೊಟ್ಟರೋ, ಆರ್‌ಸಿಯಲ್ಲಿ ಏನು ಬರೆದಿದೆಯೋ, ಅದಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಸಿಎನ್‌ಜಿ ಕಿಟ್ಟಿನಂಥದ್ದಕ್ಕೆ ದಾರಿ ಇದೆ, ಆದರೆ ಒಪ್ಪಿಗೆ ಬೇಕು, ಕಿಟ್ಟೂ ಮಾನ್ಯತೆ ಪಡೆದಿರಬೇಕು. ಕೌಂಟರಿನವರ ತಲೆಯಲ್ಲಿ ಇದ್ದಿದ್ದು ಇದೇ ನಿಯಮ. ಆದರೆ ಅದೇ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು. 52ರ ಎರಡನೇ ಉಪವಿಭಾಗದ ಪ್ರಕಾರ ಅಂಗವಿಕಲರ ಬಳಕೆಗಾಗಿ ಯಾರು ಬೇಕಾದರೂ ತಮ್ಮ ಗಾಡಿಯನ್ನು ಅಡಾಪ್ಟೆಡ್ ವೆಹಿಕಲ್ ಮಾಡಿಸಬಹುದು, ಒಪ್ಪಿಗೆ ಆಮೇಲೆ ಪಡೆದರೆ ಸಾಕು. ಷರತ್ತು ಪಾಲಿಸಿರಬೇಕು ಅಷ್ಟೇ. ಉಳಿದವರು ಮೊದಲು ಕೇಳಬೇಕು, ಇವರು ಮೊದಲು ಮಾಡಿಸಿ ಆಮೇಲೆ ತೋರಿಸಬಹುದು. ಸರ್ಕಾರದ ಕಾಗದದಲ್ಲಿ ಇಷ್ಟು ನಂಬಿಕೆ ನಾನು ಬೇರೆಲ್ಲೂ ನೋಡಿಲ್ಲಪ್ಪ.

ಅಕ್ಕ ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಬಣ್ಣ ಬಳಿದು, ಇವತ್ತು ಬೆಳಿಗ್ಗೆ ಕೌಂಟರಿನಲ್ಲಿಟ್ಟಳು. ಗುಮಾಸ್ತರು ಓದಿದರು. ಇನ್ನೊಂದು ಸಲ ಓದಿದರು. ಎದ್ದು ಒಳಗೆ ಹೋದರು. ವಾಪಸ್ ಬಂದು, 'ಗಾಡಿ ತಂದಿದ್ದೀರಾ? ಬ್ರೇಕ್ ಇನ್‌ಸ್ಪೆಕ್ಟರ್ ಹತ್ರ ತೋರಿಸಿ' ಅಂದರು. ಹೋದ ವಾರದ ಮಾತಿನ ಸುದ್ದಿ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಇನ್‌ಸ್ಪೆಕ್ಟರ್ ನಾನು ಅಂದುಕೊಂಡ ಹಾಗಿರಲಿಲ್ಲ. ಮೆಲ್ಲಗೆ ಮಾತಾಡುವ ಮನುಷ್ಯ. ಮೊದಲು ಬಾನೆಟ್ ಎತ್ತಿಸಿ ಚಾಸಿ ನಂಬರ್ ನೋಡಿದರು, ಪೆನ್ಸಿಲ್ ಉಜ್ಜಿ ಟೇಪಿನಲ್ಲಿ ಅದರ ಪ್ರಿಂಟ್ ತೆಗೆಸಿದರು. ಕಿಟ್ ಹಾಕಿದವರು ಕೊಟ್ಟ ಸರ್ಟಿಫಿಕೇಟಿನ ನಂಬರಿಗೂ ಅದಕ್ಕೂ ತಾಳೆ ಹಾಕಿದರು. ಆಮೇಲೆ ಪ್ಯಾಂಟ್ ಕೊಳೆಯಾಗುತ್ತೆ ಅಂತಲೂ ನೋಡದೆ ಡ್ರೈವರ್ ಬಾಗಿಲ ಹತ್ತಿರ ಮಂಡಿಯೂರಿ ಕೂತು, ತಲೆಯನ್ನು ಪೆಡಲ್‌ಗಳ ಹತ್ತಿರ ತೂರಿಸಿ, ಫೋನಿನ ಟಾರ್ಚ್ ಹಾಕಿಕೊಂಡು ಒಂದೊಂದು ನಟ್ಟನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿದರು. ಹಾರ್ನಿನ ವೈರ್ ಎಲ್ಲಿಂದ ಎಳೆದಿದ್ದಾರೆ, ರಾಡಿಗೆ ಉಜ್ಜುತ್ತದಾ ಅಂತ ಬೆರಳಲ್ಲಿ ಹಿಂಬಾಲಿಸಿದರು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಹಿಡಿ ಎಲ್ಲೂ ಲಿವರಿಗೆ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡರು.

'ತಳ್ಳಿದರೆ ಬ್ರೇಕು, ಒಳ್ಳೇದು' ಅಂದರು. 'ಗಾಬರಿಯಲ್ಲಿ ಮೈ ಮುಂದಕ್ಕೆ ಹೋದರೂ ಬ್ರೇಕೇ ಬೀಳುತ್ತೆ. ಉಲ್ಟಾ ಇದ್ದಿದ್ರೆ ನಾನು ಬಿಡ್ತಿರಲಿಲ್ಲ.'

ಆಮೇಲೆ ತಾವೇ ಸೀಟಿಗೆ ಹತ್ತಿದರು. ಅಕ್ಕನಿಗೆ ಪಕ್ಕದ ಸೀಟು, ನನಗೆ ಹಿಂದೆ. ಲಿವರ್ ಎಳೆದರು, ಕಾರು ಹೊರಟಿತು. ಗೇಟಿನ ಹತ್ತಿರ ಒಂದು ನಾಯಿ ಅಡ್ಡ ಬಂತು. ಲಿವರ್ ತಳ್ಳುವ ಮೊದಲೇ ಅವರ ಬಲಗಾಲು ಬ್ರೇಕ್ ಪೆಡಲನ್ನು ಒತ್ತಿಬಿಟ್ಟಿತ್ತು. ನಾವೆಲ್ಲ ಮುಗ್ಗರಿಸಿದೆವು. ಮತ್ತೆ ಹೊರಟರು, ತಿರುವಿನಲ್ಲಿ ಮತ್ತೆ ಅದೇ. ಅವರಿಗೇ ನಗು ಬಂತು. 'ಈ ಕಾಲು ಸುಮ್ನಿರಲ್ಲ ಮೇಡಂ. ನೀವೇ ಓಡಿಸಿ ತೋರಿಸಿ.'

ಅಕ್ಕ ಓಡಿಸಿದಳು. ಸುತ್ತು ಹಾಕಿ, ರಿವರ್ಸ್ ತೆಗೆದು, ಅವರು ಹೇಳಿದ ಕಡೆ ಸಡನ್ ಬ್ರೇಕ್ ಹಾಕಿದಳು. ಕಾರು ನೇರವಾಗಿ ನಿಂತಿತು, ಒಂದು ಚೂರೂ ಎಳೆಯಲಿಲ್ಲ. ಅವಳ ಬೂಟುಗಳನ್ನು ನೋಡುತ್ತಾ ಅವರು ಕೇಳಿದರು: 'ಪೆಡಲ್‌ಗೆ ಗಾರ್ಡ್ ಹಾಕಿಸಿಲ್ವಾ? ಕ್ಯಾಲಿಪರ್ ಬೂಟು ಜಾರಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಲಿವರ್ ತಳ್ಳಿದರೂ ಬ್ರೇಕ್ ಬೀಳಲ್ಲ.' ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಿಟ್ ಹಾಕಿದವನು ಹೇಳಿರಲಿಲ್ಲ. ಕಾಯ್ದೆಯಲ್ಲೂ ಇಲ್ಲ. ಮಂಡಿಯೂರಿ ಕೂತು ನೋಡಿದವರಿಗೆ ಹೊಳೆಯುವ ವಿಷಯ ಅದು. ಶನಿವಾರವೇ ಹಾಕಿಸಬೇಕು. ಅಲ್ಲಿಯವರೆಗೆ ಕಾಲ ಮುಂದೆ ಅಡ್ಡವಾಗಿ ಒಂದು ಬೆಲ್ಟ್ ಕಟ್ಟಿಕೊಂಡು ಓಡಿಸುತ್ತೇನೆ ಅಂತ ಅಕ್ಕ ಒಪ್ಪಿಕೊಂಡ ಮೇಲೆಯೇ ಸಹಿ ಬಿತ್ತು.

ಆರ್‌ಟಿಓ ಅಂದ ತಕ್ಷಣ ಬೈಯೋಕೆ ರೆಡಿ ಇರುವವರಲ್ಲಿ ನಾನೂ ಒಬ್ಬಳು. ಆದರೆ ಇವರ ಹಾಗೆ ಪ್ರತಿ ಗಾಡಿಯನ್ನೂ ನೋಡಿದರೆ ಸಂಜೆಯೊಳಗೆ ಎಷ್ಟು ಗಾಡಿ ಮುಗಿಯುತ್ತೆ ಅಂತಲೂ ಅನ್ನಿಸಿತು. ಹೊರಗೆ ಸಾಲು ಬೆಳೆದಿತ್ತು.

ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಬುಲೆಟ್ಟಿಗೆ ಪಟಾಕಿ ಹೊಡೆಯುವ ಸೈಲೆನ್ಸರ್ ಹಾಕಿಸಿ, ದಪ್ಪ ಟೈರು ಹಾಕಿಸಿ, ಹ್ಯಾಂಡಲ್ ಬದಲಾಯಿಸಿ ಸಿಕ್ಕಿಬಿದ್ದವನು. ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ₹5,000 ದಂಡ, ಜೈಲೂ ಆಗಬಹುದು ಅಂತ ಕಾಯ್ದೆ ಹೇಳುತ್ತದೆ. ಒಟ್ಟಿಗೆ ಒಂದು ದಂಡ ಅಂದುಕೊಂಡಿದ್ದನಂತೆ ಪಾಪ. ಈಗ ಹಳೆ ಸೈಲೆನ್ಸರ್ ಹುಡುಕುತ್ತಿದ್ದಾನೆ, ಅದನ್ನು ಗ್ಯಾರೇಜಿನವನು ಗುಜರಿಗೆ ಹಾಕಿದ್ದಾನೆ. ನಮ್ಮ ಕಾರಿನೊಳಗೆ ಇಣುಕಿ, 'ಇಷ್ಟೆಲ್ಲ ಮಾಡಿಸಿದ್ದೀರಾ, ನಿಮಗೆ ಹೆಂಗೆ ಬಿಟ್ಟರು ಆಂಟಿ?' ಅಂದ. ಅಕ್ಕ ಹೇಳಿದಳು, 'ನೀನೂ ಹಾಕಿಸ್ಕೊ. ಸದ್ದು ಬರಲ್ಲ ಅಷ್ಟೇ.'

ವಾಪಸ್ ಬರುವಾಗ ಆ ಪ್ರಿಂಟ್ ನನ್ನ ತೊಡೆ ಮೇಲಿತ್ತು. ಹಳದಿ ಬಳಿಯದ ಸಾಲುಗಳನ್ನೂ ಓದಿದೆ. ಅಡಾಪ್ಟೆಡ್ ವೆಹಿಕಲ್ ಅಂದ್ರೆ ಏನು ಅಂತ ಕಾಯ್ದೆಯ ಶುರುವಿನಲ್ಲೇ ಹೇಳಿದ್ದಾರೆ. ಅಂಗವೈಕಲ್ಯ ಇರುವ ವ್ಯಕ್ತಿ ತಾನೇ ಬಳಸುವ, ಇಲ್ಲವೇ ಆ ವ್ಯಕ್ತಿಗಾಗಿ ಮಾತ್ರ ಬಳಸುವ ಗಾಡಿ. ಮಾತ್ರ.

'ಅಕ್ಕ, ಇನ್ನು ನಾನು ಚಿನ್ನುನ ಟ್ಯೂಷನ್‌ಗೆ ಬಿಡೋಕೆ ಈ ಕಾರು ತಗೊಂಡು ಹೋಗೋ ಹಾಗಿಲ್ಲ.'

'ನಾನು ಜೊತೆಗಿದ್ರೆ?'

'ಆಗಲೂ ಟ್ಯೂಷನ್ ಚಿನ್ನುಗೆ ತಾನೇ, ನಿನಗಲ್ಲವಲ್ಲ.'

'ಹಾಗಾದ್ರೆ ನಾನೇ ಓಡಿಸ್ತೀನಿ. ಆಗ ಬಳಸ್ತಿರೋದು ನಾನು. ಹಿಂದೆ ಅವನು ಕೂತಿದ್ದರೆ ಯಾರು ಬೇಡ ಅಂತಾರೆ?'

ವಾದ ಸರಿ ಇದೆಯೋ ಇಲ್ಲವೋ, ಬ್ಯಾಂಕಿನವರ ಜೊತೆ ಮಾತಲ್ಲಿ ಗೆಲ್ಲೋದು ಕಷ್ಟ. ಆದರೆ ನನಗೆ ಒಂಥರಾ ಆಯ್ತು. ಕೊಟ್ಟಿದ್ದು ನಾನೇ, ಖುಷಿಯಿಂದಲೇ ಕೊಟ್ಟಿದ್ದು. ಆದರೂ ಕೀ ಸ್ಟ್ಯಾಂಡಿನಲ್ಲಿ ಕೀ ನೇತಾಡುತ್ತಿರುತ್ತದೆ, ಬೇಕಾದಾಗ ತಗೊಂಡು ಹೋಗಬಹುದು ಅಂತ ಒಳಗೆಲ್ಲೋ ಇತ್ತು. ಕೊಟ್ಟೂ ಇಟ್ಟುಕೊಳ್ಳುವ ಆ ಅಭ್ಯಾಸಕ್ಕೆ ಕಾಯ್ದೆಯೇ ಬೀಗ ಹಾಕಿದೆ. ಯಾಕೆ ಹಾಕಿದ್ದಾರೆ ಅಂತಲೂ ಗೊತ್ತು. ಅಮ್ಮನಿಗೆ ಫೋನ್ ಮಾಡಿ ಪಾಸಾಯ್ತು ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, 'ಇನ್ನು ಧರ್ಮಸ್ಥಳಕ್ಕೆ ಹೋದರೆ ಟೋಲ್ ಇಲ್ವಂತೆ ಹೌದಾ?' ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಗವಿಕಲರಿಗಾಗಿ ಮಾಡಿಸಿದ ಗಾಡಿಗೆ ಟೋಲ್ ವಿನಾಯಿತಿ ಇದೆ, ಅದಕ್ಕೆ ಬೇರೆ ಫಾಸ್ಟ್ಯಾಗ್‌ಗೆ ಅರ್ಜಿ ಹಾಕಬೇಕು. ಅಮ್ಮ ಆಗಲೇ ದೊಡ್ಡಮ್ಮ, ಚಿಕ್ಕಮ್ಮ ಎಲ್ಲರನ್ನೂ ಲೆಕ್ಕ ಹಾಕಿ ಹಿಂದಿನ ಸೀಟು ತುಂಬಿಸಿಬಿಟ್ಟಿದ್ದಳು. ಅಕ್ಕನನ್ನು ಬಿಟ್ಟು! 'ಅವಳಿಗೆ ರಜೆ ಸಿಗಲ್ಲ, ನೀನು ಓಡಿಸು' ಅಂತ ನನಗೆ. 'ಮಾತ್ರ' ಅಂತ ಬರೆದವರಿಗೆ ನಮ್ಮಮ್ಮನಂಥವರು ಗೊತ್ತಿದ್ದರು ಅಂತ ಕಾಣುತ್ತೆ.

ಇವರು ಊಟಕ್ಕೆ ಕರೆಯುತ್ತಿದ್ದಾರೆ. ಇನ್ನೊಂದು ಕೆಲಸ ಬಾಕಿ ಇದೆ, ಇನ್ಶೂರೆನ್ಸ್. ಗಾಡಿ ಅಕ್ಕನ ಹೆಸರಿಗಾದಾಗ ಹದಿನಾಲ್ಕು ದಿನದ ಗಡುವು ಮೀರದ ಹಾಗೆ ಪಾಲಿಸಿಯೂ ಅವಳ ಹೆಸರಿಗಾಯ್ತು. ಆದರೆ ಕಿಟ್ ಹಾಕಿಸಿದ್ದನ್ನು ಅವರಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಬೇಕು. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಕಿರಿಕಿರಿ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿದರೆ ಕಿಟ್ಟಿನ ಬಿಲ್ ಕೇಳುತ್ತಾರೆ. ಬಿಲ್ ಅಕ್ಕನ ಫೈಲಿನಲ್ಲಿದೆ. ಫೈಲ್ ಕಾರಿನಲ್ಲಿದೆ. ಕಾರು ತಗೊಂಡು ಅವಳು ಚಿನ್ನುನ ಟ್ಯೂಷನ್ನಿಂದ ಕರೆದುಕೊಂಡು ಬರಲು ಹೋಗಿದ್ದಾಳೆ. ಟ್ಯೂಷನ್ ಏಳೂವರೆಗೇ ಮುಗಿಯುತ್ತೆ, ಈಗ ಎಂಟೂ ಮುಕ್ಕಾಲು. ಫೋನ್ ಮಾಡಿದರೆ ಚಿನ್ನು ಎತ್ತಿ 'ಹೊರಟ್ವಿ, ಹೊರಟ್ವಿ' ಅಂತಾನೆ, ಹಿಂದೆ ಅಕ್ಕ ನಗುವುದು ಕೇಳಿಸುತ್ತೆ. ಇಬ್ಬರೂ ಎಲ್ಲಿದ್ದಾರೋ ಏನೋ.