ಅಕ್ಕ, ಕೆಲಸ ಬಿಟ್ಟು ಮತ್ತೆ ಓದಬೇಕಾ?

ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ವಾರ್ಡು ಸ್ವಲ್ಪ ತಣ್ಣಗಾಗುತ್ತದೆ. ಆಗ ಯಾರಾದರೊಬ್ಬ ಜೂನಿಯರ್ ಕೇಳಿಯೇ ಕೇಳುತ್ತಾಳೆ: "ಅಕ್ಕ, ಜಿಎನ್‌ಎಂ ಆಗಿದೆ, ಕೈಯಲ್ಲಿ ಕೆಲಸ ಇದೆ. ಮತ್ತೆ ಓದೋದು ಬೇಕಾ?" ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ. ನಾನೂ ಅದನ್ನು ಮುಗಿಸಿ ಎಂಟು ವರ್ಷ ಕೆಲಸ ಮಾಡಿ, ಮಗಳು ಒಂದನೇ ಕ್ಲಾಸಿಗೆ ಹೋದ ವರ್ಷವೇ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್‌ಗೆ, ಅಂದರೆ ಡಿಪ್ಲೊಮಾ ಆದವರ ಡಿಗ್ರಿ ಕೋರ್ಸಿಗೆ, ಸೇರಿದವಳು. ಅದಕ್ಕೇ ನನ್ನನ್ನು ಕೇಳುತ್ತಾರೆ.

ನಿನಗೆ ಏನಾಗಬೇಕು ಅಂತ ನಾನು ಮೊದಲು ಕೇಳುತ್ತೇನೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್ ಆಗುವ ಆಸೆಯಿದ್ದರೆ ಡಿಗ್ರಿಗೆ ಕಾಯಬೇಕಿಲ್ಲ. ಜಿಎನ್‌ಎಂ ಜೊತೆಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಇದ್ದರೆ ಆ ಪರೀಕ್ಷೆ ಬರೆಯಬಹುದು. ವಯಸ್ಸಿನ ಮಿತಿ ಮಾತ್ರ ನೋಡಿಕೊಳ್ಳಬೇಕು. ಆದರೆ ಎಂಎಸ್ಸಿ ಮಾಡಬೇಕು, ಕಾಲೇಜಿನಲ್ಲಿ ಪಾಠ ಹೇಳಬೇಕು ಅಂದರೆ ಜಿಎನ್‌ಎಂ ಆದವರಿಗೆ ಪೋಸ್ಟ್ ಬೇಸಿಕ್ ಬೇಕೇ ಬೇಕು. ಅದು 2 ವರ್ಷ. ಎಂಎಸ್ಸಿ ಇನ್ನೂ 2 ವರ್ಷ.

ನನಗೂ ಒಬ್ಬ ಏಜೆಂಟ್ ಫೋನ್ ಮಾಡಿದ್ದ. "ಕಾಲೇಜಿಗೆ ಬರೋದೇ ಬೇಡ ಸಿಸ್ಟರ್, ಪರೀಕ್ಷೆಗೆ ಬನ್ನಿ ಸಾಕು. ಹಾಜರಿ ನಾವು ನೋಡ್ಕೋತೀವಿ." ಎರಡು ದಿನ ಆಸೆಯಾಯಿತು. ಸಂಬಳ ನಿಲ್ಲುವುದಿಲ್ಲ ಅಲ್ವಾ. ಬೇಡ ಅಂದೆ. ಅಮ್ಮನ ಮನೆಗೆ ಹೋಗಿ, ಉಳಿತಾಯ ಖರ್ಚು ಮಾಡಿ, ಬಳೆ ಅಡವಿಟ್ಟು ಓದಿದೆ. ಆ ಎರಡು ವರ್ಷ ಕಷ್ಟವೇ ಇತ್ತು, ಸುಮ್ನೆ ಇಲ್ಲ ಅನ್ನುವುದಿಲ್ಲ.

ಆದರೆ ಮೈಕ್ರೋಬಯಾಲಜಿ ಕ್ಲಾಸಿನ ಒಂದು ಮಧ್ಯಾಹ್ನ ಇವತ್ತಿಗೂ ಮರೆತಿಲ್ಲ. ಜ್ವರ ಬಂದು ಸೆಪ್ಸಿಸ್, ಅಂದರೆ ಸೋಂಕಿನಿಂದ ಇಡೀ ದೇಹವೇ ಹದಗೆಡುವ ಸ್ಥಿತಿಯ ಅನುಮಾನ ಇರುವ ರೋಗಿಗೆ ಆಂಟಿಬಯೋಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ತೆಗೆಯಬೇಕು, ಅಂದರೆ ರೋಗಾಣು ಬೆಳೆಸಿ ನೋಡಲು ರಕ್ತವನ್ನು ಬಾಟಲಿಗೆ ಹಾಕಿ ಲ್ಯಾಬ್‌ಗೆ ಕಳಿಸಬೇಕು. ಇದನ್ನು ನಾನು ಎಂಟು ವರ್ಷ ಮಾಡಿದ್ದೆ. ಆರ್ಡರ್ ಇದೆ, ಮಾಡಬೇಕು, ಅಷ್ಟೇ. ಮೊದಲ ಡೋಸ್ ರಕ್ತಕ್ಕೆ ಇಳಿದರೆ ಬಾಟಲಿಯಲ್ಲಿ ರೋಗಾಣು ಬೆಳೆಯದೇ ಹೋಗಬಹುದು, ಆಗ ಯಾವ ಔಷಧಿ ಅದಕ್ಕೆ ನಾಟುತ್ತದೆ ಅಂತ ಲ್ಯಾಬ್‌ನವರಿಗೆ ಹೇಳಲು ಆಗುವುದಿಲ್ಲ ಎಂದು ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು. ಆ ಎಂಟು ವರ್ಷದಲ್ಲಿ ಡೋಸ್ ಕೊಟ್ಟ ಮೇಲೆ ತಡವಾಗಿ ಕಳಿಸಿದ ಬಾಟಲಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಅಳು ಬಂತು.

ಕೆಲಸ ಮಾಡಿ ಬಂದವರಿಗೆ ಕ್ಲಾಸು ಹೀಗೆ ತಟ್ಟುತ್ತದೆ. ಪ್ರತಿ ಪಾಠದ ಹಿಂದೆ ಒಂದು ಬೆಡ್ ನಂಬರ್ ನೆನಪಾಗುತ್ತದೆ. ಕಾಲೇಜಿಗೇ ಹೋಗದೆ ಡಿಗ್ರಿ ಪಡೆದವರಿಗೆ ಇದು ಸಿಗುವುದಿಲ್ಲ. ಈಗ ಜೂನಿಯರ್ ಒಬ್ಬಳು ಕಲ್ಚರ್ ಬಿಟ್ಟು ಆಂಟಿಬಯೋಟಿಕ್ ಡ್ರಿಪ್‌ಗೆ ಕೈ ಹಾಕಿದರೆ ನಾನು ತಡೆಯುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ಮೊದಲು ಬರೀ ತಡೆಯುತ್ತಿದ್ದೆ.

ಹಾಗಾಗಿ ನನ್ನ ಉತ್ತರ: ಓದಿ, ಆದರೆ ಕೂತು ಓದಿ. ಎರಡು ವರ್ಷದ ಮನೆ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳನ್ನು ಯಾರು ನೋಡುತ್ತಾರೆ ಅನ್ನೋದು ಫೀಸ್‌ಗಿಂತ ದೊಡ್ಡ ಪ್ರಶ್ನೆ. ಅದನ್ನು ಗಂಡನ ಹತ್ತಿರ, ಅತ್ತೆಯ ಹತ್ತಿರ ಬಾಯಿಬಿಟ್ಟು ಮಾತಾಡಿ. ಕಾಲೇಜಿಗೆ ಮಾನ್ಯತೆ ಇದೆಯಾ, ವಾರ್ಡ್ ತರಬೇತಿಯ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ನಿಜವಾಗಿ ರೋಗಿಗಳು ಇರುತ್ತಾರಾ ಅಂತ ಹಣ ಕಟ್ಟುವ ಮೊದಲೇ ವಿಚಾರಿಸಿ. ಆಫೀಸಿನವರನ್ನು ಕೇಳಬೇಡಿ. ಗೇಟಿನ ಹತ್ತಿರ ನಿಂತು ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳಿ.