ಹಿಮ್ಮಡಿಯ ಮೆತ್ತೆ ಸವೆದವರಿಗೆ ಮೆತ್ತನೆ ಚಪ್ಪಲಿಯೊಂದೇ ಸಾಲದು

ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ನಮ್ಮ ಹತ್ತಿರ ಹಿಮ್ಮಡಿ ನೋವೆಂದು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್‌ರೇ, ಬಾಯಲ್ಲಿ ಒಂದೇ ಮಾತು: "ಮೂಳೆ ಬೆಳೆದಿದೆಯಂತೆ." ಆ ಮುಳ್ಳಿನಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಕಾಣುತ್ತದೆ. ಅದನ್ನು ಪಕ್ಕಕ್ಕಿಟ್ಟು ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಹಿಮ್ಮಡಿಯ ಒಳಬದಿಯಲ್ಲಿ, ಅಂಗಾಲಿನ ಕಮಾನು ಶುರುವಾಗುವ ಕಡೆ ಚುಚ್ಚಿದಂತಾಗಿ, ಬೆಳಿಗ್ಗೆ ಎದ್ದಾಗಿನ ಮೊದಲ ಹೆಜ್ಜೆಗಳು ಜೀವ ಹಿಂಡಿ ಆಮೇಲೆ ಸಡಿಲವಾದರೆ ಅದು ಹೆಚ್ಚಾಗಿ ಪ್ಲಾಂಟರ್ ಫ್ಯಾಸಿಯಾದ, ಅಂದರೆ ಹಿಮ್ಮಡಿಯಿಂದ ಬೆರಳುಗಳ ಕಡೆ ಅಂಗಾಲಿನುದ್ದಕ್ಕೂ ಹೋಗುವ ನಾರಿನ ಪಟ್ಟಿಯ ನೋವು. ನಟ್ಟನಡುವೆ ಒತ್ತಿದಾಗ ಪೆಟ್ಟು ಬಿದ್ದ ಜಾಗದಂತೆ ಆಳವಾಗಿ ನೋಯುತ್ತಿದ್ದರೆ, ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತಷ್ಟೂ ಹೆಚ್ಚುತ್ತಿದ್ದರೆ, ಕೊಬ್ಬಿನ ಮೆತ್ತೆಯನ್ನು ಅನುಮಾನಿಸಿ. ಎರಡೂ ಒಟ್ಟಿಗೇ ಇರುವವರೂ ಇದ್ದಾರೆ.

ಹಿಮ್ಮಡಿ ಮೂಳೆಯ ಕೆಳಗೆ ಸುಮಾರು 1ರಿಂದ 2 ಸೆಂಟಿಮೀಟರ್ ದಪ್ಪದ ಕೊಬ್ಬಿನ ಮೆತ್ತೆ ಇದೆ. ಜೇನುಗೂಡಿನ ಹಾಗೆ ನಾರಿನ ಗೋಡೆಗಳ ಸಣ್ಣ ಸಣ್ಣ ಕೋಣೆಗಳು, ಒಳಗೆ ಕೊಬ್ಬು. ಮೈಭಾರ ಬಿದ್ದಾಗ ಕೊಬ್ಬು ಬದಿಗೆ ಹರಿಯದಂತೆ ತಡೆಯುವುದು ಈ ಗೋಡೆಗಳು. 40 ದಾಟಿದ ಮೇಲೆ ಇವು ಸಡಿಲವಾಗುತ್ತಾ ಹೋಗುತ್ತವೆ. ಸಕ್ಕರೆ ಕಾಯಿಲೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿಸಿದ ಸ್ಟೀರಾಯ್ಡ್ ಇಂಜೆಕ್ಷನ್ ಮೆತ್ತೆಯನ್ನು ಇನ್ನೂ ಬೇಗ ಕೆಡಿಸುತ್ತವೆ. ಎರಡನೇ ಇಂಜೆಕ್ಷನ್‌ಗೆ ಮುಂಚೆ ಮೆತ್ತೆ ಎಷ್ಟು ಉಳಿದಿದೆ ಎಂದು ವೈದ್ಯರನ್ನು ಕೇಳಲೇಬೇಕು. ಅಲ್ಟ್ರಾಸೌಂಡ್‌ನಲ್ಲಿ ದಪ್ಪ ಅಳೆಯಬಹುದು. ಸವೆದ ಮೆತ್ತೆಯನ್ನು ಬೆಳೆಸುವ ಮಾತ್ರೆಯಾಗಲಿ ವ್ಯಾಯಾಮವಾಗಲಿ ಇಲ್ಲ. ಉಳಿದದ್ದನ್ನು ಮೂಳೆಯ ಕೆಳಗೇ ಕೂಡಿಸಿ ಹಿಡಿಯುವುದೇ ಚಿಕಿತ್ಸೆ.

ಇದನ್ನು ಕೈಯಲ್ಲೇ ಪರೀಕ್ಷಿಸಬಹುದು. ಒಂದು ಕೈಯಿಂದ ಹಿಮ್ಮಡಿಯ ಎರಡೂ ಬದಿಯ ಮಾಂಸವನ್ನು ಮೆಲ್ಲಗೆ ನಡುವಿಗೆ ಕೂಡಿಸಿ, ಮೊದಲು ನೋಯುತ್ತಿದ್ದ ಜಾಗವನ್ನೇ ಮತ್ತೆ ಒತ್ತಿ. ನೋವು ಸ್ಪಷ್ಟವಾಗಿ ತಗ್ಗಿದರೆ ಹಿಮ್ಮಡಿಗೆ ಸುತ್ತುವ ಟೇಪ್, ಚಪ್ಪಲಿಯೊಳಗೆ ಹಿಮ್ಮಡಿಯ ಕೆಳಗಿಡುವ ಬಟ್ಟಲಿನಂಥ ಹೀಲ್ ಕಪ್ ಎರಡೂ ಉಪಯೋಗಕ್ಕೆ ಬರುವ ಸಂಭವ ಹೆಚ್ಚು. ಆದರೆ ಮೂಳೆಯನ್ನೇ ಎರಡೂ ಕಡೆಯಿಂದ ಗಟ್ಟಿಯಾಗಿ ಅದುಮಿದಾಗ ಜೋರು ನೋವಾದರೆ ಕೂದಲೆಳೆಯ ಬಿರುಕು ಇರಬಹುದು. ಅಂಥವರನ್ನು ನಾವು ಮೂಳೆ ವೈದ್ಯರ ಹತ್ತಿರ ಕಳಿಸುತ್ತೇವೆ. ಉರಿ, ಜುಮುಗುಡುವಿಕೆ ಇದ್ದರೆ ನರದ ತಪಾಸಣೆ ಬೇಕು.

ದುಡ್ಡು ಖರ್ಚು ಮಾಡುವ ಮುಂಚೆ ಟೇಪ್ ಹಾಕಿ ನೋಡುವುದು ಒಳ್ಳೆಯದು. ಕಾಲಿನ ಎಣ್ಣೆ ಜಿಡ್ಡು ತೊಳೆದು ಒರೆಸಿ, ಬೋರಲು ಮಲಗಿಸಿ, ಪಾದ ಮಂಚದಾಚೆ ಬರಲಿ. ಎಳೆದರೆ ಹಿಗ್ಗದ, ಸುಮಾರು ಎರಡೂವರೆ ಸೆಂಟಿಮೀಟರ್ ಅಗಲದ ಟೇಪ್ ಸಾಕು. ಮೊದಲ ಪಟ್ಟಿ ಹೊರಗಿನ ಹರಡಿನ ಕೆಳಗಿಂದ ಹಿಮ್ಮಡಿಯ ಹಿಂಬದಿ ಸುತ್ತಿ ಒಳಗಿನ ಹರಡಿನ ಕೆಳಗೆ ಬರಬೇಕು. ಆಮೇಲೆ ಮಾಂಸವನ್ನು ಕೂಡಿಸಿ ಹಿಡಿದುಕೊಂಡೇ ಅಡಿಯಿಂದ ಅಡ್ಡಕ್ಕೆ ಮೂರ್ನಾಲ್ಕು ಪಟ್ಟಿ, ಒಂದರ ಅರ್ಧದ ಮೇಲೆ ಇನ್ನೊಂದು. ಕೊನೆಗೆ ತುದಿಗಳು ಏಳದಂತೆ ಮತ್ತೊಂದು ಸುತ್ತುಪಟ್ಟಿ. ಒಂದೆರಡು ದಿನಕ್ಕೆ ತೆಗೆಯಿರಿ, ತುರಿಸಿದರೆ ತಕ್ಷಣ. ಸ್ಪರ್ಶ ಕಮ್ಮಿಯಾದ ಕಾಲಿಗೂ ಒಡೆದ ಹಿಮ್ಮಡಿಗೂ ಟೇಪ್ ಬೇಡ.

ಹೀಲ್ ಕಪ್ ಕೊಳ್ಳುವಾಗ ಜನ ಮೆತ್ತಗಿದೆಯೇ ಎಂದಷ್ಟೇ ಒತ್ತಿ ನೋಡುತ್ತಾರೆ. ನೋಡಬೇಕಾದದ್ದು ಅಂಚನ್ನು. ಅಂಚು ಹಿಮ್ಮಡಿಯನ್ನು ಸುತ್ತಲೂ ಬಿಗಿಯಾಗಿ ಅಪ್ಪಬೇಕು; ಬೆರಳು ತೂರುವಷ್ಟು ಜಾಗವಿದ್ದರೆ ಮಾಂಸ ಅಲ್ಲಿಗೇ ಹರಿಯುತ್ತದೆ. ಚಪ್ಪಟೆ ಸ್ಪಂಜಿನದ್ದು ಮೊದಲ ವಾರ ಹಿತ ಕೊಟ್ಟು ಅಪ್ಪಚ್ಚಿಯಾಗುತ್ತದೆ. ನೋವು ಒಂದೇ ಕಾಲಿನಲ್ಲಿದ್ದರೂ ಕಪ್ ಎರಡಕ್ಕೂ ಹಾಕಿ, ಇಲ್ಲದಿದ್ದರೆ ಒಂದು ಕಾಲು ಎತ್ತರವಾಗಿ ಸೊಂಟ ಹಿಡಿಯುತ್ತದೆ. ಹವಾಯಿ ಚಪ್ಪಲಿಯಲ್ಲಿ ಕಪ್ ನಿಲ್ಲುವುದಿಲ್ಲ, ಹಿಂಬದಿ ಪಟ್ಟಿ ಇರುವುದೇ ಬೇಕು. ಕಾಫಿ ಕುಯ್ಲಿಗೆ ಗಂಬೂಟು ಹಾಕುವವರಿಗೆ ಕಪ್ಪಿನಿಂದ ಹಿಮ್ಮಡಿ ಮೇಲೆದ್ದು ಬೂಟಿನೊಳಗೆ ಜಾರುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿ, ಸಂಜೆ ಕಪ್ ತೆಗೆದು ತೊಳೆದು ನೆರಳಲ್ಲಿ ಒಣಗಿಸಿ.

ಹೊರಗೆಲ್ಲ ಸರಿಯಾಗಿ ಹಾಕಿಕೊಂಡು ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದರಿಂದಲೇ ಹೆಚ್ಚಿನವರ ಚಿಕಿತ್ಸೆ ಕೆಡುವುದು. "ಒಳಗೆ ಚಪ್ಪಲಿ ಹಾಕೋದಾ, ದೇವರ ಮನೆ ಇದೆಯಲ್ಲ?" ಎಂದು ಅಮ್ಮಂದಿರು ಕೇಳುವುದು ನ್ಯಾಯವೇ. ಅಂಗಳವನ್ನೇ ಕಾಣದ ಒಂದು ಜೊತೆ ಒಳಗಿಗೆಂದೇ ಇಡಿ. ದೇವರ ಮುಂದೆ, ಒಲೆಯ ಮುಂದೆ ದಪ್ಪ ಮ್ಯಾಟ್ ಹಾಕಿ. ಹೀಗೆ ಆರು ವಾರ ಬಿಡದೆ ಮಾಡಿದ ಮೇಲೆ ಗುಣ ಇದೆಯೋ ಇಲ್ಲವೋ ಎಂದು ಅಳೆಯೋಣ.

ಬೆರಳುಗಳ ಬುಡದ ಮೆತ್ತೆಯೂ ಸವೆಯುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಬೆರಳು ಮಡಚಿಕೊಂಡು ಮೆತ್ತೆ ಮುಂದಕ್ಕೆ ಸರಿದುಬಿಡುತ್ತದೆ. ಇಲ್ಲಿ ಪ್ಯಾಡನ್ನು ನೋಯುವ ಜಾಗದ ಕೆಳಗೇ ಅಂಟಿಸಿದರೆ ನೋವು ಹೆಚ್ಚುತ್ತದೆ. ನೋಯುವ ಬಿಂದುವಿಗೆ ಲಿಪ್‌ಸ್ಟಿಕ್ ಹಚ್ಚಿ ಇನ್‌ಸೋಲ್ ಮೇಲೆ ನಿಲ್ಲಿಸಿ. ಬಿದ್ದ ಗುರುತಿಗಿಂತ 5ರಿಂದ 10 ಮಿಲಿಮೀಟರ್ ಹಿಂದೆ, ಹಿಮ್ಮಡಿಯ ಕಡೆಗೆ, ಪ್ಯಾಡಿನ ಮುಂದಿನ ಅಂಚು ಬರಬೇಕು.

ಸಕ್ಕರೆ ಕಾಯಿಲೆ ಇದ್ದವರಿಗೆ 10 ಗ್ರಾಂ ಮೊನೊಫಿಲಮೆಂಟ್ (ಅಷ್ಟು ಒತ್ತಡಕ್ಕೆ ಬಾಗುವ ನೈಲಾನ್ ಎಳೆ) ತಾಗಿಸಿ ಪಾದದ ಸ್ಪರ್ಶ ನೋಡದೆ ಏನನ್ನೂ ಶುರು ಮಾಡಬೇಡಿ. ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ತುಳಿಯುವ ಮನೆಮದ್ದು ನಮ್ಮ ಕಡೆ ಇನ್ನೂ ಇದೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿ ಗೊತ್ತಾಗದೆ ಸುಟ್ಟು ಹುಣ್ಣಾಗುತ್ತದೆ, ಆ ಹುಣ್ಣು ಬೆರಳನ್ನೇ ಕಳೆಯಬಹುದು. ಇವರಿಗೆ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಬೇಕು: ಮೇಲೆ ಮೆತ್ತನೆ ರಬ್ಬರ್, ಕೆಳಗೆ ತೋಟದ ಮುಳ್ಳು ದಾಟದ ಗಟ್ಟಿ ಅಟ್ಟೆ, ಹಿಂಬದಿ ಪಟ್ಟಿ, ಎಲ್ಲೂ ಮೊಳೆ ಹೊಡೆದಿರಬಾರದು. ತಿಂಗಳಿಗೊಮ್ಮೆ ಒತ್ತಿ ನೋಡಿ, ಕುಳಿ ಮೇಲೇಳದಿದ್ದರೆ ಬದಲಿಸಿ.

ದೀಪಾವಳಿಗೆ ದೇವೀರಮ್ಮನ ಬೆಟ್ಟ ಬರಿಗಾಲಲ್ಲಿ ಹತ್ತುವ ಹರಕೆ ಇರುವವರು, ಶ್ರವಣಬೆಳಗೊಳದ ಮೆಟ್ಟಿಲು ಹತ್ತುವವರು ಕೇಳುತ್ತಿರುತ್ತಾರೆ. ಕಾಲುಚೀಲಕ್ಕೆ ಅವಕಾಶವಿರುವ ಕಡೆ ಕಪ್ಪನ್ನು ಅದರೊಳಗೇ ಹಾಕಿಕೊಳ್ಳಬಹುದು. ಇಲ್ಲದ ಕಡೆ ಟೇಪ್ ಹಾಕಿಸಿಕೊಂಡು ಹೋಗಿ. ಪಾದದ ಸ್ಪರ್ಶ ಹೋದವರು ಮಾತ್ರ ಬರಿಗಾಲಲ್ಲಿ ಹತ್ತಲೇಬೇಡಿ, ಹರಕೆಯನ್ನು ಮನೆಯವರು ತೀರಿಸಲಿ.