ಗೇರ್‌ಬಾಕ್ಸಿಗೆ ಏನ್ ಕೊಟ್ಟಿ?

"ಇಂಜಿನ್ನಿಗೆ ಇಷ್ಟು ಸುರಿದೀಯಲ್ಲ ತಮ್ಮಾ, ಗೇರ್‌ಬಾಕ್ಸಿಗೆ ಏನ್ ಕೊಟ್ಟಿ?"

ಬಳ್ಳಾರಿಯ ಕೌಲ್ ಬಜಾರಿನ ಗ್ಯಾರೇಜ್ ಮೇಸ್ತ್ರಿ ನನ್ನ ಅಕ್ಕನ ಮಗನಿಗೆ ಕೇಳಿದ ಈ ಮಾತು ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಬಿಳಿ ಬಟ್ಟೆಯ ಮೇಲೆ ಗೇರ್‌ಬಾಕ್ಸಿನ ಆಯಿಲ್ ಹನಿ ಬಿಟ್ಟು, ಮೂಸಿ ನೋಡಿ ಕೇಳಿದ್ದರು. ಕೆಂಪಗಿರಬೇಕಾದ ಆಯಿಲ್ ಡಿಕಾಕ್ಷನ್ ಥರ ಆಗಿತ್ತು. ಸುಟ್ಟ ವಾಸನೆ ಬೇರೆ.

ಹುಡುಗ ಒಳ್ಳೆಯವನೇ. ಶೋಕಿ ಸ್ವಲ್ಪ ಜಾಸ್ತಿ. ಆಟೋಮ್ಯಾಟಿಕ್ ಕಾರಿಗೆ ರೀಮ್ಯಾಪ್ ಮಾಡಿಸಿದ, ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚಿಸಿದ. ಎಕ್ಸಾಸ್ಟ್ ಬದಲಿಸಿದ. ಹೈವೇಯಲ್ಲಿ ಜೋರಾಗಿ ಓಡಿಸಿಯೇ ಹಾಳು ಮಾಡಿಕೊಂಡ ಅಂತ ಮನೆಯವರೆಲ್ಲ ಬೈದಿದ್ದರು. ಮೇಸ್ತ್ರಿ ಒಪ್ಪಲಿಲ್ಲ. ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಹೈವೇಯಲ್ಲಿ ಲಾಕ್ ಆಗಿ ನೇರ ಜೋಡಣೆಯಾಗಿರುತ್ತದೆ, ಅಷ್ಟು ಬಿಸಿ ಹುಟ್ಟುವುದಿಲ್ಲ. ಕೊಲ್ಲುವುದು ಸಂಡೂರು ರಸ್ತೆ. ಅದಿರು ಲಾರಿಗಳ ಹಿಂದೆ ತೆವಳಬೇಕು. ಸಂದಿ ಸಿಕ್ಕ ಕೂಡಲೇ ಇವನು ಪೂರ್ತಿ ತುಳಿಯುತ್ತಾನೆ, ಮತ್ತೆ ಬ್ರೇಕ್. ಆಗ ಕನ್ವರ್ಟರಿನಲ್ಲಿ ಆಯಿಲ್ ಕಡೆದು ಕಡೆದು ಕಾಯುತ್ತದೆ. ಟಾರ್ಕ್ ಹೆಚ್ಚಿಸಿದಷ್ಟೂ ಆ ಬಿಸಿಯೂ ಹೆಚ್ಚು.

80ರಿಂದ 95 ಡಿಗ್ರಿಯೊಳಗೆ ಆಯಿಲ್ ಆರಾಮಾಗಿರುತ್ತದೆ. 120 ದಾಟಿತೋ, ಬೇಗ ಕೆಡುತ್ತದೆ, ರಬ್ಬರ್ ಸೀಲ್‌ಗಳೂ ಗಟ್ಟಿಯಾಗುತ್ತವೆ. ಅವನ ಕಾರಿಗೆ ಕಂಪನಿಯೇ ಕೊಟ್ಟ ಗೇರ್‌ಬಾಕ್ಸ್ ಕೂಲರ್‌ನಲ್ಲಿ ಆಯಿಲ್ ತಣಿಸಲು ಹರಿಯುವುದು ಇಂಜಿನ್ನನ್ನು ತಂಪು ಮಾಡುವ ದ್ರವವೇ, ಕೂಲಂಟ್. ಅದೇ 90 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆಯಿಲನ್ನು ಎಷ್ಟು ತಣ್ಣಗೆ ಮಾಡೀತು? ಅದಕ್ಕೇ ರೇಡಿಯೇಟರ್ ಮುಂದೆ, ಗಾಳಿ ಬಡಿಯುವ ಕಡೆ, ಬೇರೆಯೇ ಆಯಿಲ್ ಕೂಲರ್ ಹಾಕಿಸಿದೆವು. ಜೊತೆಗೊಂದು ಥರ್ಮೋಸ್ಟಾಟ್, ಚಳಿಯಲ್ಲಿ ಆಯಿಲ್ ತೀರಾ ತಣ್ಣಗಾಗಬಾರದಂತೆ. ಬಳ್ಳಾರಿಯಲ್ಲಿ ಚಳಿ! ಇರಲಿ ಅಂದೆ.

"ಕೆಂಪು ಧೂಳು ಕೂಲರಿನ ತೆಳು ತಗಡಿನ ಫಿನ್ನಿನೊಳಗೆ ಕೂತ್ರೆ ಕೂಲರ್ ಇದ್ದೂ ಇಲ್ಲದಂಗೆ. ಆಗಾಗ ನೀರು ಬಿಡು. ಜೋರಾಗಿ ಹೊಡೀಬ್ಯಾಡ, ಫಿನ್ ಮಡಚ್ತಾವು" ಅಂದರು ಮೇಸ್ತ್ರಿ. ಇವನು ಕೇಳಿದ್ದು ಒಂದೇ: "ಪಿಕಪ್ ಎಷ್ಟು ಜಾಸ್ತಿ ಆಗುತ್ತೆ ಅಣ್ಣಾ?"

ಇವನೊಬ್ಬನನ್ನೇ ಅಂದು ಏನು ಪ್ರಯೋಜನ? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಇಲ್ಲಿ ದುಡ್ಡು ಹರಿದಾಗಲೂ ಇದೇ ಕಥೆ. ಸಾಲ ಮಾಡಿ ಲಾರಿ ಮೇಲೆ ಲಾರಿ ಕೊಂಡವರಿದ್ದರು. ಆ ಲಾರಿಗಳ ಕೆಳಗಿನ ರಸ್ತೆಗೆ ಏನು ಕೊಟ್ಟರು? ರಸ್ತೆ ಪಕ್ಕದ ಹೊಲಗಳ ಹತ್ತಿಗೆ, ಮೆಣಸಿನಕಾಯಿಗೆ ಧೂಳು ಕೊಟ್ಟರು.

ಮೊನ್ನೆ ತೋರಣಗಲ್ಲಿನ ತನಕ ಹೋಗಿ ಬಂದೆವು. ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೂ ಕಾರಿಗೆ ಸಿಕ್ಕಿಸಿದ ಸ್ಕ್ಯಾನರ್‌ನಲ್ಲಿ ಆಯಿಲ್ ಬಿಸಿ 95 ಡಿಗ್ರಿ ದಾಟಲಿಲ್ಲ. ಮೊದಲು ಸಿಕ್ಕವರಿಗೆಲ್ಲ ಎಕ್ಸಾಸ್ಟ್ ಸದ್ದು ಕೇಳಿಸುತ್ತಿದ್ದ ಹುಡುಗ, ಈಗ ಗೇರ್‌ಬಾಕ್ಸಿನ ಟೆಂಪರೇಚರ್ ತೋರಿಸುತ್ತಾ ತಿರುಗುತ್ತಿದ್ದಾನೆ. ಫಿನ್ ತೊಳೆಯುವ ಕೆಲಸ ಮಾತ್ರ ನನ್ನ ತಲೆಗೇ ಬಂದಿದೆ.